ಡೌಲಾ ಕೆಲಸಕ್ಕೆ ಕ್ಲೈಂಟ್ ಸಿಗುವುದು ಎಲ್ಲಿ, ಸಹಿ ಬೀಳುವುದು ಯಾವಾಗ

ಡೌಲಾ ಎಂದರೆ ವೈದ್ಯಕೀಯ ಕೆಲಸಕ್ಕೆ ಕೈ ಹಾಕದೆ, ಹೆರಿಗೆಯ ಉದ್ದಕ್ಕೂ ತಾಯಿಯ ಜೊತೆಗಿದ್ದು ನೆರವಾಗುವವರು. ಡೌಲಾ ತರಬೇತಿಯಲ್ಲಿ ಸೊಂಟ ಒತ್ತುವುದು, ಉಸಿರಾಟ, ಭಂಗಿ ಬದಲಿಸುವುದು, ಹಾಲೂಡಿಸುವಾಗಿನ ನೆರವು ಇವೆಲ್ಲಕ್ಕೂ ಸಮಯ ಇರುತ್ತದೆ. ಕ್ಲೈಂಟ್ ಹುಡುಕುವ ಪಾಠಕ್ಕೆ ಬರುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ. ಹಾಗಾಗಿ ಸರ್ಟಿಫಿಕೇಟ್ ಕೈಗೆ ಬಂದಮೇಲೆ ಹೆಚ್ಚಿನವರು ಲೋಗೋ ಮಾಡಿಸುತ್ತಾರೆ, ಇನ್‌ಸ್ಟಾಗ್ರಾಂ ಪುಟ ತೆರೆದು ಎಳೆಮಗುವಿನ ಪಾದದ ಫೋಟೊ ಹಾಕುತ್ತಾರೆ, ಆಮೇಲೆ ಫೋನ್ ಯಾವಾಗ ಬಂದೀತು ಎಂದು ಕಾಯುತ್ತಾರೆ. ಬಂದರೂ ಮೊದಲ ಪ್ರಶ್ನೆ "ಎಷ್ಟು ತಗೋತೀರಾ?" ಎಂದಿರುತ್ತದೆ. ಉತ್ತರ ಕೊಟ್ಟಮೇಲೆ ಆ ಕಡೆಯಿಂದ ಸದ್ದಿಲ್ಲ.

ಇಲ್ಲಿ ಅರ್ಥ ಮಾಡಿಕೊಳ್ಳಬೇಕಾದ್ದು ಒಂದಿದೆ. ಹೆರಿಗೆಗೆ ಜೊತೆ ಹುಡುಕುವವರು ಡೌಲಾಗಳ ಕೌಶಲವನ್ನು ತೂಗಿ ನೋಡಿ ಆರಿಸುವುದಿಲ್ಲ. ತೂಗಲು ಅವರ ಬಳಿ ತಕ್ಕಡಿಯೇ ಇಲ್ಲ. ಎಷ್ಟೋ ಮಂದಿಗೆ ಇದು ಚೊಚ್ಚಲ ಹೆರಿಗೆ. ರಾತ್ರಿ ಎರಡು ಗಂಟೆಗೆ ಕರೆದರೆ ಬರುವವರು ಯಾರು, ಬಂದು ಏನು ಮಾಡುತ್ತಾರೆ, ಅವರಿಗೆ ಬರಲಾಗದಿದ್ದರೆ ನಮ್ಮ ಗತಿ ಏನು? ಈ ಮೂರಕ್ಕೆ ಗೊಂದಲವಿಲ್ಲದ ಉತ್ತರ ಕೊಟ್ಟವರಿಗೆ ಸಹಿ ಬೀಳುತ್ತದೆ. ಪ್ರಚಾರ, ಭೇಟಿ, ಒಪ್ಪಂದ ಎಲ್ಲವೂ ಈ ಮೂರು ಉತ್ತರಗಳನ್ನು ಬೇರೆ ಬೇರೆ ಹಂತದಲ್ಲಿ ಹೇಳುವ ಬಗೆಗಳೇ.

ಮೊದಲು ಕ್ಯಾಲೆಂಡರ್

ಕ್ಲೈಂಟ್ ಹುಡುಕುವ ಮೊದಲು ನಿಮ್ಮಲ್ಲಿ ಎಷ್ಟು ಜನಕ್ಕೆ ಜಾಗ ಇದೆ ಎಂದು ತಿಳಿದಿರಬೇಕು. ಒಬ್ಬ ಕ್ಲೈಂಟ್ ಎಂದರೆ ಒಂದು ದಿನಾಂಕ ಅಲ್ಲ, 38ನೇ ವಾರದಿಂದ 42ರವರೆಗಿನ ಒಂದು ಪಟ್ಟಿ. ಡಾಕ್ಟರು ಕೊಟ್ಟ ದಿನಾಂಕದಂದೇ ಹುಟ್ಟುವ ಮಕ್ಕಳು ನೂರಕ್ಕೆ ಸುಮಾರು ಐದು ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಹತ್ತರಲ್ಲಿ ಒಂದು ಮಗು 37 ವಾರ ತುಂಬುವ ಮೊದಲೇ ಹುಟ್ಟುತ್ತದೆ. ಹಾಗಾಗಿ ಕ್ಯಾಲೆಂಡರಿನಲ್ಲಿ ದಿನಾಂಕಕ್ಕೆ ವೃತ್ತ ಹಾಕಬೇಡಿ. ಪ್ರತಿ ಕ್ಲೈಂಟಿಗೂ ನಾಲ್ಕು ವಾರದ ಬಣ್ಣದ ಪಟ್ಟಿ ಎಳೆಯಿರಿ. ಎರಡು ಪಟ್ಟಿ ಒಂದರ ಮೇಲೊಂದು ಬಿದ್ದರೆ ತೊಂದರೆಯಿಲ್ಲ. ಮೂರನೆಯದು ಬಿದ್ದರೆ ಬ್ಯಾಕಪ್ ಡೌಲಾಗೆ, ಅಂದರೆ ನಿಮಗೆ ಬರಲಾಗದಿದ್ದರೆ ನಿಮ್ಮ ಬದಲು ಹೋಗುವವರಿಗೆ, ಆ ವಾರಗಳು ಯಾವುವೆಂದು ಸ್ಪಷ್ಟವಾಗಿ ಹೇಳಿ, ಅವರು ಒಪ್ಪಿದ ಮೇಲೆಯೇ ಹೊಸಬರಿಗೆ ಹೂಂ ಅನ್ನಿ. ಶುರುವಿನಲ್ಲಿ ತಿಂಗಳಿಗೆ ಒಂದೋ ಎರಡೋ ಸಾಕು. ಇದನ್ನೇ ಪೂರ್ಣಾವಧಿ ಮಾಡುವವರು ಮೂರು, ಹೆಚ್ಚೆಂದರೆ ನಾಲ್ಕರಲ್ಲಿ ನಿಲ್ಲಿಸುತ್ತಾರೆ.

ಇದೇ ಕ್ಯಾಲೆಂಡರ್ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ವಿಚಾರಣೆ ಸಾಮಾನ್ಯವಾಗಿ ಬರುವುದು 20ರಿಂದ 30ನೇ ವಾರದ ನಡುವೆ. 22ನೇ ವಾರದಲ್ಲಿ ಮಾತಾಡಿದವರ ಹೆರಿಗೆ ಆಗುವುದು ಹದಿನೆಂಟು ವಾರದ ನಂತರ. ಅಂದರೆ ಈ ತಿಂಗಳು ಖಾಲಿ ಕೂತಿದ್ದರೆ ಕಾರಣ ಈ ತಿಂಗಳಿನದಲ್ಲ, ನಾಲ್ಕೈದು ತಿಂಗಳ ಹಿಂದಿನದು. ಕೈತುಂಬ ಕೆಲಸ ಇದ್ದಾಗ ಜನರನ್ನು ಭೇಟಿ ಮಾಡುವುದನ್ನು ನಿಲ್ಲಿಸಿದವರಿಗೇ ಆಮೇಲೆ ಬರಗಾಲ.

ಶುಲ್ಕದ ವಿಷಯಕ್ಕೂ ಇಲ್ಲೇ ಬರಬೇಕು. "ಬೇರೆಯವರು ಎಷ್ಟು ತಗೋತಾರೆ" ಎಂದು ನೋಡಿ ಅದಕ್ಕಿಂತ ಸ್ವಲ್ಪ ಕಡಿಮೆ ಇಡುವುದು ಸುಲಭದ ದಾರಿ, ತಪ್ಪು ದಾರಿಯೂ ಹೌದು. ಗಂಟೆ ಕೂಡಿಸಿ. ಮೊದಲ ಭೇಟಿಗೆ 1, ಹೆರಿಗೆಗೆ ಮುಂಚಿನ ಎರಡು ಭೇಟಿಗೆ 4, ತಿಂಗಳುಗಟ್ಟಲೆ ಬರುವ ಕರೆ ಮತ್ತು ಮೆಸೇಜಿಗೆ 4, ಹೆರಿಗೆಗೆ ಸರಾಸರಿ 15, ಬಾಣಂತಿಯ ಭೇಟಿಗೆ 2, ಓಡಾಟಕ್ಕೆ 5, ಕಾಗದಪತ್ರಕ್ಕೆ 2. ಒಟ್ಟು 33 ಗಂಟೆ. ಇದರ ಜೊತೆಗೆ ನಾಲ್ಕು ವಾರ ದೂರದೂರಿಗೆ ಹೋಗುವಂತಿಲ್ಲ, ಫೋನ್ ಸೈಲೆಂಟ್ ಮಾಡುವಂತಿಲ್ಲ. ಬ್ಯಾಕಪ್‌ಗೆ ಕೊಡುವುದು, ತೆರಿಗೆ, ವಿಮೆ, ಆ ದಿನಗಳಲ್ಲಿ ತಪ್ಪಿಹೋದ ಬೇರೆ ಕೆಲಸ ಎಲ್ಲವನ್ನೂ ಕಳೆದು ಉಳಿದದ್ದನ್ನು 33ರಿಂದ ಭಾಗಿಸಿ ನೋಡಿ. ಬಂದ ಉತ್ತರ ನಾಚಿಕೆ ತರಿಸಿದರೆ ಶುಲ್ಕ ಕಡಿಮೆ ಇದೆ ಎಂದರ್ಥ.

ಮೊದಲ ಕೆಲವು ಹೆರಿಗೆಗಳನ್ನು ಪುಕ್ಕಟೆ ಮಾಡಬೇಕೇ? ರಿಯಾಯಿತಿ ಸರಿ, ಪುಕ್ಕಟೆ ಬೇಡ. ಹಣ ಕೊಡದವರು ಕರೆಯುವುದನ್ನೇ ಮರೆಯುತ್ತಾರೆ. ಭೇಟಿಗೆ ಒಪ್ಪಿಕೊಂಡ ಸಂಗಾತಿ ಕೊನೇ ಗಳಿಗೆಯಲ್ಲಿ ಬರುವುದಿಲ್ಲ. ಒಪ್ಪಂದದಲ್ಲಿ ಪೂರ್ತಿ ಶುಲ್ಕ ಬರೆದು, ಕೆಳಗೆ ರಿಯಾಯಿತಿ ಬರೆದು, ಅದಕ್ಕೆ ಬದಲಾಗಿ ಹೆರಿಗೆಯ ನಂತರ ಲಿಖಿತ ಅಭಿಪ್ರಾಯ ಕೊಡಬೇಕು ಎಂದು ಸೇರಿಸಿ. ಎಷ್ಟು ಹೆರಿಗೆಗಳವರೆಗೆ ಈ ರಿಯಾಯಿತಿ ಎಂದು ಮೊದಲೇ ನಿರ್ಧರಿಸಿ, ಆಮೇಲೆ ನಿಲ್ಲಿಸಿ. ಹಳೇ ಕ್ಲೈಂಟ್ ತಮ್ಮ ಗೆಳತಿಗೆ ಹೇಳುವುದು ತಾವು ಕೊಟ್ಟ ದರವನ್ನೇ ಎಂಬುದು ನೆನಪಿರಲಿ.

ಹೆಸರು ಹೇಳುವವರು ಯಾರು

ಒಳ್ಳೆಯ ವಿಚಾರಣೆಗಳು ಬರುವುದು ಗರ್ಭಿಣಿಯನ್ನು ಆಗಾಗ ನೋಡುವ ಬೇರೆ ವೃತ್ತಿಯವರಿಂದ: ಪ್ರಸವಪೂರ್ವ ತರಗತಿ ನಡೆಸುವವರು, ಗರ್ಭಿಣಿಯರ ಯೋಗ ಶಿಕ್ಷಕರು, ಹಾಲೂಡಿಸಲು ನೆರವಾಗುವ ಲ್ಯಾಕ್ಟೇಷನ್ ಸಲಹೆಗಾರರು, ಕಿಬ್ಬೊಟ್ಟೆಯ ತಳದ ಸ್ನಾಯುಗಳಿಗೆ ವ್ಯಾಯಾಮ ಹೇಳಿಕೊಡುವ ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿಸ್ಟ್‌ಗಳು, ಹೆರಿಗೆ ಮಾಡಿಸುವ ಮಿಡ್‌ವೈಫ್‌ಗಳು, ಲೇಬರ್ ವಾರ್ಡಿನ ನರ್ಸ್‌ಗಳು, ಮಗುವಿನ ಫೋಟೊ ತೆಗೆಯುವವರು. ಇವರ ಮೇಜಿನ ಮೇಲೆ ಬ್ರೋಶರ್ ಕಟ್ಟು ಇಟ್ಟು ಬಂದರೆ ಅದು ಅಲ್ಲೇ ಹಳದಿಯಾಗುತ್ತದೆ. ಹತ್ತು ಜನಕ್ಕೆ ಬ್ರೋಶರ್ ಹಂಚುವ ಬದಲು ಮೂವರ ಜೊತೆ ಇಪ್ಪತ್ತು ನಿಮಿಷ ಕೂತು ಮಾತಾಡಿ. "ನಿಮ್ಮ ಬಳಿ ಬರುವ ಗರ್ಭಿಣಿಯರು ಹೆಚ್ಚಾಗಿ ಏನು ಕೇಳುತ್ತಾರೆ? ನಿಮ್ಮ ಬಳಿಗೆ ಕಳಿಸಬೇಕಾದವರು ನನಗೆ ಸಿಕ್ಕರೆ ಹೇಗೆ ಕಳಿಸಲಿ?" ಎಂದು ನೀವೇ ಮೊದಲು ಕೇಳಿ, ಮೊದಲು ನೀವೇ ಕಳಿಸಿ.

ಆಸ್ಪತ್ರೆಯವರ ಮನಸ್ಸಿನಲ್ಲಿರುವ ಅಳುಕು ಬೇರೆ. ಈಕೆ ಬಂದು ನಮ್ಮ ಕೆಲಸದಲ್ಲಿ ಕೈ ಹಾಕುತ್ತಾಳೇನೋ, ಔಷಧಿ ಬೇಡ ಎಂದು ಗರ್ಭಿಣಿಯ ಕಿವಿ ಊದುತ್ತಾಳೇನೋ ಎಂಬ ಅನುಮಾನ. ಅದಕ್ಕೆ ಒಂದೇ ಪುಟದ ಕಾಗದ ಸಾಕು. ಮೇಲೆ ಡೌಲಾ ಮಾಡುವ ಕೆಲಸ: ನೋವು ಶುರುವಾದಾಗಿನಿಂದ ಬಿಡದೆ ಜೊತೆಗಿರುವುದು, ಭಂಗಿ, ಮಸಾಜ್, ಧೈರ್ಯ, ಸಂಗಾತಿಗೆ ನೆರವು, ಡಾಕ್ಟರಿಗೆ ಏನು ಕೇಳಬೇಕು ಎಂದು ನೆನಪಿಸುವುದು. ಕೆಳಗೆ ಮಾಡದ ಕೆಲಸ: ಗರ್ಭದ ಬಾಯಿ ಪರೀಕ್ಷೆ, ಬಿಪಿ ನೋಡುವುದು, ಮಗುವಿನ ಎದೆಬಡಿತ ಅಳೆಯುವುದು, ಔಷಧಿಯ ಸಲಹೆ, ಗರ್ಭಿಣಿಯ ಪರವಾಗಿ ನಿರ್ಧಾರ. ಎರಡನೆಯ ಪಟ್ಟಿಯನ್ನೇ ಅವರು ಮೊದಲು ಓದುತ್ತಾರೆ. ಆಮೇಲೆ ಲೇಬರ್ ರೂಮಿನಲ್ಲಿ ನೀವು ಹಾಗೆಯೇ ನಡೆದುಕೊಂಡರೆ, ಆ ಪಾಳಿಯಲ್ಲಿದ್ದ ನರ್ಸ್ ನಿಮ್ಮನ್ನು ನೆನಪಿಟ್ಟುಕೊಳ್ಳುತ್ತಾರೆ. ಹೆರಿಗೆ ಮುಗಿದ ಮೇಲೆ ಅವರ ಹೆಸರು ಹಿಡಿದು ಎರಡು ಸಾಲಿನ ಥ್ಯಾಂಕ್ಸ್ ಬರೆಯಿರಿ. ಅದಕ್ಕಿಂತ ಹೆಚ್ಚಿನದೇನೂ ಬೇಡ. ಕ್ಲೈಂಟ್ ಕಳಿಸಿದ್ದಕ್ಕೆ ಕಮಿಷನ್ ಕೊಡುವ ಮಾತಂತೂ ಎತ್ತಲೇಬೇಡಿ. ವೈದ್ಯಕೀಯ ವೃತ್ತಿಯವರಿಗೆ ಹಾಗೆ ಕೊಡುವುದು ಹಲವು ಕಡೆ ಕಾನೂನಿಗೇ ವಿರುದ್ಧ.

ಹೊಸಬರು ಮರೆಯುವ ಮೂಲ ಇನ್ನೊಂದಿದೆ: ಬೇರೆ ಡೌಲಾಗಳು. ಹೆಸರು ಮಾಡಿದವರ ಕ್ಯಾಲೆಂಡರ್ ತುಂಬಿರುತ್ತದೆ, ಪ್ರತಿ ತಿಂಗಳೂ ಅವರು ಯಾರನ್ನೋ ವಾಪಸ್ ಕಳಿಸುತ್ತಿರುತ್ತಾರೆ. ಆ ಕುಟುಂಬಗಳಿಗೆ ಡೌಲಾ ಬೇಕು ಎಂಬುದು ಆಗಲೇ ತೀರ್ಮಾನವಾಗಿದೆ, ಶುಲ್ಕ ಎಷ್ಟಿರಬಹುದು ಎಂಬ ಅಂದಾಜೂ ಇದೆ. ಅವರಿಗೆ ಬ್ಯಾಕಪ್ ಆಗಿ ನಿಲ್ಲುತ್ತೇನೆ ಎಂದು ಹೇಳಿಕೊಳ್ಳುವುದು ಹೊಸಬರಿಗೆ ಇರುವ ಅತಿ ಚಿಕ್ಕ ದಾರಿ. ಬ್ಯಾಕಪ್ ಕರೆಗೆ ಒಂದು ಸಲ ತಪ್ಪಿಸಿಕೊಂಡರೆ ಆ ದಾರಿ ಅಲ್ಲಿಗೇ ಮುಚ್ಚಿತು.

ಉಚಿತ ತರಗತಿ ಮಾಡುವುದಿದ್ದರೆ "ಡೌಲಾ ಎಂದರೆ ಯಾರು" ಎಂಬ ವಿಷಯ ಇಟ್ಟುಕೊಳ್ಳಬೇಡಿ, ಯಾರೂ ಬರುವುದಿಲ್ಲ. "ಹೆರಿಗೆ ನೋವಿನ ಹೊತ್ತಿನಲ್ಲಿ ಜೊತೆಗಿರುವವರು ಮಾಡಬೇಕಾದ್ದೇನು" ಎಂದು ಇಡಿ. ಒಂದು ಗಂಟೆ, ಎಂಟು ಹತ್ತು ಜೋಡಿ. ಮಾತು ಅರ್ಧ, ಉಳಿದರ್ಧ ಕೈಕೆಲಸ. ಸೊಂಟ ಎರಡೂ ಬದಿಯಿಂದ ಒತ್ತುವುದನ್ನು ಮಾಡಿಸಿ. ಗರ್ಭಿಣಿ ಮುಂದೆ ಬಾಗಿ ಮೇಜಿಗೋ ಮಂಚಕ್ಕೋ ಒರಗಿರುತ್ತಾರೆ. ಸಂಗಾತಿ ಹಿಂದೆ ನಿಂತು ಎರಡೂ ಅಂಗೈಯನ್ನು ಪೃಷ್ಠದ ಹೊರಬದಿಯ ಮಾಂಸಲ ಭಾಗದ ಮೇಲೆ ಇಡಬೇಕು, ಸೊಂಟದ ಮೂಳೆಯ ತುದಿಯ ಮೇಲಲ್ಲ. ಬೆರಳುಗಳು ಬೆನ್ನುಮೂಳೆಯತ್ತ, ಮೊಣಕೈ ಹೊರಕ್ಕೆ. ಒತ್ತುವುದು ಒಳಕ್ಕೆ ಮತ್ತು ತುಸು ಮೇಲಕ್ಕೆ. ಶಕ್ತಿ ಬರಬೇಕಾದ್ದು ಭುಜದಿಂದ, ಮಣಿಕಟ್ಟಿನಿಂದಲ್ಲ. ಎಷ್ಟು ಒತ್ತಬೇಕು ಎಂದು ಹೇಳುವವರು ಆಕೆಯೇ. ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಹಿಡಿಸಿ, ನಿಧಾನ ಬಿಡಿಸಿ, ಮೂರು ನಿಮಿಷ ಬಿಟ್ಟು ಮತ್ತೆ ಮಾಡಿಸಿ. ನಾಲ್ಕನೇ ಸಲಕ್ಕೆ ಸಂಗಾತಿಯ ತೋಳು ನಡುಗುತ್ತದೆ. "ಇದನ್ನ ಎಷ್ಟು ಗಂಟೆ ಮಾಡ್ಬೇಕಾಗುತ್ತೆ?" ಎಂದು ಅವರೇ ಕೇಳುತ್ತಾರೆ. ಹೆರಿಗೆಯಲ್ಲಿ ಎರಡನೇ ಜೋಡಿ ಕೈ ಯಾಕೆ ಬೇಕು ಎಂದು ವಿವರಿಸುವ ಶ್ರಮ ನಿಮಗೆ ಉಳಿಯಿತು.

ವೆಬ್‌ಸೈಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಮ್ಮ ಮುಖದ ಫೋಟೊ, ಎಲ್ಲೆಲ್ಲಿಗೆ ಬರುತ್ತೀರಿ, ಯಾವ ತಿಂಗಳ ಹೆರಿಗೆಗಳಿಗೆ ಜಾಗ ಇದೆ, ಶುಲ್ಕ ಎಷ್ಟರಿಂದ ಶುರು, ಒಂದು ಚಿಕ್ಕ ಫಾರ್ಮ್. ಫಾರ್ಮಿನಲ್ಲಿ ಹೆಸರು, ಹೆರಿಗೆಯ ಅಂದಾಜು ದಿನ, ಎಲ್ಲಿ ಹೆರಿಗೆ, ಎಷ್ಟನೇ ಮಗು, ನಮ್ಮ ಬಗ್ಗೆ ಹೇಗೆ ತಿಳಿಯಿತು ಇಷ್ಟೇ ಸಾಕು. ಆರೋಗ್ಯದ ಇತಿಹಾಸ ಫಾರ್ಮಿನಲ್ಲಿ ಕೇಳಬೇಡಿ. ಗುರುತಿಲ್ಲದವರಿಗೆ ಅದನ್ನೆಲ್ಲ ಬರೆದು ಕೊಡಲು ಯಾರಿಗೂ ಇಷ್ಟವಿಲ್ಲ, ಬರೆದು ಕೊಟ್ಟರೆ ಅದನ್ನು ಗುಟ್ಟಾಗಿ ಕಾಪಾಡುವ ಹೊಣೆ ನಿಮ್ಮ ತಲೆಗೆ. ಶುಲ್ಕ ಮುಚ್ಚಿಟ್ಟು "ಮೆಸೇಜ್ ಮಾಡಿ ತಿಳಿಯಿರಿ" ಎಂದು ಹಾಕಿದರೆ ವಿಚಾರಣೆ ಹೆಚ್ಚು ಬರುತ್ತದೆ ನಿಜ. ಸಹಿ ಮಾತ್ರ ಹೆಚ್ಚುವುದಿಲ್ಲ.

ಮೊದಲ ಉತ್ತರ, ಮೊದಲ ಕರೆ

ವಿಚಾರಿಸುವವರು ಒಮ್ಮೆಗೇ ಮೂರ್ನಾಲ್ಕು ಜನಕ್ಕೆ ಬರೆದಿರುತ್ತಾರೆ. ಎರಡು ದಿನ ಬಿಟ್ಟು ಬರೆದ ಸುಂದರ ಉತ್ತರಕ್ಕಿಂತ ಎರಡು ಗಂಟೆಯೊಳಗೆ ಬರೆದ ನಾಲ್ಕು ಸಾಲು ಮೇಲು. ಬೆಲೆ ಕೇಳಿದವರಿಗೆ ಮೊದಲು ಬೆಲೆ ಹೇಳಿ, ಉಪದೇಶ ಆಮೇಲೆ. ಉದಾಹರಣೆಗೆ:

"ನಮಸ್ಕಾರ, ವಿಚಾರಿಸಿದ್ದಕ್ಕೆ ಧನ್ಯವಾದ. ನಿಮ್ಮ ಹೆರಿಗೆಯ ದಿನಗಳಲ್ಲಿ ನನಗೆ ಬಿಡುವಿದೆ. ಪೂರ್ತಿ ಶುಲ್ಕ ಇಷ್ಟು. ಅದರಲ್ಲಿ ಹೆರಿಗೆಗೆ ಮುಂಚೆ ಎರಡು ಭೇಟಿ, 38ನೇ ವಾರದಿಂದ ಹಗಲು ರಾತ್ರಿ ಯಾವಾಗ ಕರೆದರೂ ಬರುವುದು, ಹೆರಿಗೆಯ ಉದ್ದಕ್ಕೂ ಜೊತೆ, ಆಮೇಲೆ ಒಂದು ಭೇಟಿ ಸೇರಿದೆ. ನನಗೆ ಬರಲಾಗದಿದ್ದರೆ ಬರುವ ಬ್ಯಾಕಪ್ ಡೌಲಾ ಇದ್ದಾರೆ. ಹದಿನೈದು ನಿಮಿಷ ಫೋನಿನಲ್ಲಿ ಮಾತಾಡೋಣವೇ? ಗುರುವಾರ ಸಂಜೆ ಆರು ಅಥವಾ ಶನಿವಾರ ಬೆಳಿಗ್ಗೆ ಹತ್ತು, ನಿಮಗೆ ಯಾವುದು ಅನುಕೂಲ?"

"ನಿಮಗೆ ಬಿಡುವಾದಾಗ ತಿಳಿಸಿ" ಎಂದು ಮುಗಿಸಿದರೆ ಅವರಿಗೆ ಎಂದೂ ಬಿಡುವಾಗುವುದಿಲ್ಲ. ಎರಡು ಸಮಯ ಕೊಡಿ.

ಫೋನಿನಲ್ಲಿ ತಿಳಿಯಬೇಕಾದ್ದು ಕಡಿಮೆ, ಆದರೆ ಒಂದು ಪ್ರಶ್ನೆ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ: ಹೆರಿಗೆ ಆಗುವ ಕಡೆ ಲೇಬರ್ ರೂಮಿಗೆ ಎಷ್ಟು ಜನರನ್ನು ಬಿಡುತ್ತಾರೆ? ಒಬ್ಬರನ್ನು ಮಾತ್ರ ಬಿಡುವ ಕಡೆ ಸಂಗಾತಿ ಒಳಗಿದ್ದರೆ ಡೌಲಾ ಕಾರಿಡಾರಿನಲ್ಲಿ. ಡೌಲಾಗಳನ್ನು ಸಂದರ್ಶಕರ ಲೆಕ್ಕಕ್ಕೆ ಹಿಡಿಯುತ್ತಾರೋ ಬೇರೆಯೋ, ರಾತ್ರಿ ಇರಲು ಬಿಡುತ್ತಾರೋ, ಸಿಸೇರಿಯನ್ ಆದರೆ ಆಪರೇಷನ್ ಥಿಯೇಟರಿಗೆ ಇಬ್ಬರಿಗೂ ಪ್ರವೇಶ ಇದೆಯೋ ಇಲ್ಲವೋ ಎಂದು ಕುಟುಂಬದವರೇ ಆಸ್ಪತ್ರೆಯಲ್ಲಿ ಕೇಳಿ ಬರಲಿ. ಸಹಿಗೆ ಮುಂಚೆಯೇ ಕೇಳಿ ಬರಲಿ. 37ನೇ ವಾರದಲ್ಲಿ ಇದು ಗೊತ್ತಾದರೆ ಹಣ ವಾಪಸ್ಸಿನ ಜಗಳ ಖಚಿತ.

ಎದುರುಬದುರು ಕೂತಾಗ

ಭೇಟಿಗೆ 45ರಿಂದ 60 ನಿಮಿಷ. ಹೆರಿಗೆಯ ಹೊತ್ತಿಗೆ ಜೊತೆಗಿರುವವರು ಈ ಭೇಟಿಯಲ್ಲೂ ಇರಲೇಬೇಕು; ಅವರಿಲ್ಲದಿದ್ದರೆ ದಿನ ಮುಂದೂಡಿ. ಆಕೆಗೆ ಒಪ್ಪಿಗೆಯಾಗಿ, ಮನೆಗೆ ಹೋದಮೇಲೆ "ನಾನಿದ್ದೀನಲ್ಲ, ಇದೆಲ್ಲ ಯಾಕೆ" ಎಂಬ ಒಂದು ಮಾತಿಗೆ ಮುರಿದುಬೀಳುವ ಮಾತುಕತೆಗಳೇ ಹೆಚ್ಚು.

ಮೊದಲ ಇಪ್ಪತ್ತು ನಿಮಿಷ ನೀವು ಮಾತಾಡಬೇಡಿ. "ನೋವು ಶುರುವಾದಾಗಿನಿಂದ ಮಗು ಕೈಗೆ ಬರುವವರೆಗೆ ಯಾವ ಭಾಗ ನೆನೆಸಿಕೊಂಡರೆ ಭಯ ಆಗುತ್ತದೆ?" ಎಂದು ಕೇಳಿ ಸುಮ್ಮನಿರಿ. ಹಿಂದೆ ಹೆರಿಗೆ ಆಗಿದ್ದರೆ, ಕಳೆದ ಸಲ ಏನು ಚೆನ್ನಾಗಿತ್ತು, ಏನು ಆಗಬಾರದಿತ್ತು ಎಂದು ಕೇಳಿ. ಮೌನ ತುಂಬಲು ಹೋಗಬೇಡಿ. ನಿಜವಾದ ಉತ್ತರ ಬರುವುದು ಹತ್ತು ಸೆಕೆಂಡಿನ ಮೌನದ ಆಚೆಯಿಂದ.

ಆಮೇಲೆ ಸಂಗಾತಿಯತ್ತ ತಿರುಗಿ. ಅವರ ಭಯ ಒಂದೇ: ನನ್ನ ಜಾಗ ಹೋಗುತ್ತದೆಯೇ? ಸಮಾಧಾನದ ಮಾತಿಗಿಂತ ಕೆಲಸ ಹಂಚಿ ತೋರಿಸುವುದು ಉತ್ತಮ. ನೋವು ಬಂದಾಗ ಸೊಂಟ ಒತ್ತುವುದು ನಾನು, ಆಕೆಯ ಮುಖದ ಎದುರು ಇರುವವರು ನೀವು. ನೀವು ಊಟಕ್ಕೋ ನಿದ್ದೆಗೋ ಹೋದಾಗ ಆಕೆ ಒಬ್ಬರೇ ಆಗುವುದಿಲ್ಲ. ಸಿಸೇರಿಯನ್ ಆಗಿ ಮಗುವನ್ನು ಬೇರೆ ಕೋಣೆಗೆ ಒಯ್ದರೆ ಮಗುವಿನ ಜೊತೆ ನೀವು, ಒಳಗೆ ಬಿಟ್ಟರೆ ತಾಯಿಯ ಜೊತೆ ನಾನು. ಈ ಕೊನೆಯ ಮಾತಿಗೆ ಸಂಗಾತಿಯ ಮುಖಭಾವವೇ ಬದಲಾಗುವುದನ್ನು ಗಮನಿಸಿ.

"ನಾರ್ಮಲ್ ಆಗುತ್ತೆ ಅಂತ ಗ್ಯಾರಂಟಿ ಕೊಡ್ತೀರಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಸಂಶೋಧನೆ ನಮ್ಮ ಪರವಾಗಿಯೇ ಇದೆ. ಗ್ವಾಟೆಮಾಲಾದಲ್ಲಿ ನಡೆದು 1980ರಲ್ಲಿ ಪ್ರಕಟವಾದ ಅಧ್ಯಯನದಿಂದ ಶುರುವಾಗಿ, ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2017ರ ಕಾಕ್ರೇನ್ ಪರಾಮರ್ಶೆಯವರೆಗೆ. ಆ ಪರಾಮರ್ಶೆಯಲ್ಲಿ 17 ದೇಶಗಳ 26 ಪ್ರಯೋಗಗಳು, 15,000ಕ್ಕೂ ಹೆಚ್ಚು ಹೆಂಗಸರು. ಬಿಡದೆ ಜೊತೆಗಾರರಿದ್ದವರಲ್ಲಿ ಸಿಸೇರಿಯನ್ ಸುಮಾರು ಕಾಲು ಭಾಗ ಕಡಿಮೆ, ಹೆರಿಗೆ ನೋವಿನ ಅವಧಿ ಸರಾಸರಿ ಮುಕ್ಕಾಲು ಗಂಟೆಯ ಆಸುಪಾಸು ಕಡಿಮೆ, ಹೆರಿಗೆಯ ಬಗ್ಗೆ ಕಹಿ ಭಾವನೆಯೂ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸುಗಳೂ ಗರ್ಭಿಣಿ ತಾನೇ ಆರಿಸಿದ ಜೊತೆಗಾರರು ಇರಬೇಕು ಎನ್ನುತ್ತವೆ. ಆದರೆ ಇದನ್ನು ಮಾರಾಟದ ಮಾತಾಗಿ ಬಳಸುವಾಗ ಕೈ ಬಿಗಿ ಹಿಡಿಯಬೇಕು. ಅದು ಗುಂಪಿನ ಸರಾಸರಿ. ಅದರಲ್ಲಿ ಡೌಲಾಗಳಷ್ಟೇ ಅಲ್ಲ, ಆಸ್ಪತ್ರೆ ಸಿಬ್ಬಂದಿ, ಬಂಧು, ಗೆಳತಿಯರು ಜೊತೆ ಕೊಟ್ಟ ಪ್ರಯೋಗಗಳೂ ಸೇರಿವೆ. ಕಾಲು ಭಾಗ ಕಡಿಮೆ ಎಂದರೆ ನೂರರಲ್ಲಿ ಇಪ್ಪತ್ತೈದು ಕಡಿಮೆ ಎಂದಲ್ಲ. ಸಿಸೇರಿಯನ್ ನೂರಕ್ಕೆ ಇಪ್ಪತ್ತು ಆಗುವ ಕಡೆ ಅದು ಹದಿನೈದು ಆಗುವುದು ಎಂದು. "ನಾನಿದ್ದರೆ ಸಿಸೇರಿಯನ್ ಆಗಲ್ಲ" ಎಂದು ಒಮ್ಮೆ ಹೇಳಿ ಸಹಿ ಪಡೆದವರಿಗೆ, ಸಿಸೇರಿಯನ್ ಆದ ದಿನ ಆ ತಾಯಿಯ ಎದುರು ನಿಲ್ಲಲು ಮಾತಿರುವುದಿಲ್ಲ. ಹೇಳಬಹುದಾದ್ದು ಇಷ್ಟು: "ಹೆರಿಗೆ ಹೇಗಾಗುತ್ತದೆ ಎಂಬುದು ನನ್ನ ಕೈಯಲ್ಲಿಲ್ಲ. ಹೇಗೇ ಆದರೂ ನೀವು ಒಬ್ಬರೇ ಇರುವುದಿಲ್ಲ, ಏನು ನಡೆಯುತ್ತಿದೆ ಎಂದು ತಿಳಿಯದೆ ಇರುವುದಿಲ್ಲ."

ಎಪಿಡ್ಯೂರಲ್, ಅಂದರೆ ನೋವು ತಿಳಿಯದಂತೆ ಬೆನ್ನಿಗೆ ಹಾಕುವ ಸೂಜಿ, ಬೇಕೆನ್ನುವವರು ಡೌಲಾ ತಮಗಲ್ಲ ಅಂದುಕೊಂಡಿರುತ್ತಾರೆ. ಅದನ್ನು ಅವರು ಕೇಳುವ ಮೊದಲೇ ಪರಿಹರಿಸಿ: ಸೂಜಿ ಹಾಕುವವರೆಗಿನ ಗಂಟೆಗಳಿವೆ, ಹಾಕಿದ ಮೇಲೆ ಮಗ್ಗುಲು ಬದಲಿಸುವುದಿದೆ, ತಳ್ಳುವ ಹೊತ್ತಿದೆ.

ಕೊನೆಯ ಹತ್ತು ನಿಮಿಷದಲ್ಲಿ ಬ್ಯಾಕಪ್ ಯಾರು, ಹಣ ಹೇಗೆ, ಮುಂದೇನು ಎಂದು ಅವರು ಕೇಳದೆಯೇ ಹೇಳಿ. "ಇವತ್ತು ರಾತ್ರಿ ಒಪ್ಪಂದ ಕಳಿಸುತ್ತೇನೆ. ನಿಮ್ಮ ದಿನಗಳನ್ನು ಐದು ದಿನ ಬೇರೆಯವರಿಗೆ ಕೊಡದೆ ಇಟ್ಟಿರುತ್ತೇನೆ. ಸಹಿ ಮತ್ತು ಮುಂಗಡ ಬಂದರೆ ಜಾಗ ನಿಮ್ಮದು." ಅಲ್ಲೇ ಕೂತು ಸಹಿ ಹಾಕಿಸಬೇಡಿ, ಇಬ್ಬರೂ ಒಟ್ಟಿಗೆ ಯೋಚಿಸಲಿ. ಆದರೆ ಕಾಲಮಿತಿ ಇಲ್ಲದ "ಯೋಚನೆ ಮಾಡಿ ಹೇಳಿ"ಗೆ ಉತ್ತರ ಬರುವುದಿಲ್ಲ.

ಯಾರಿಗೆ ಬೇಡ ಅನ್ನಬೇಕು ಎಂಬುದೂ ಈ ಭೇಟಿಯಲ್ಲೇ ಗೊತ್ತಾಗುತ್ತದೆ. "ಡಾಕ್ಟರ್ ಏನಾದ್ರೂ ಮಾಡೋಕೆ ಬಂದ್ರೆ ನೀವು ತಡೀಬೇಕು" ಎನ್ನುವವರಿಗೆ ಬೇಕಿರುವುದು ಡೌಲಾ ಅಲ್ಲ, ಬೇರೆ ಡಾಕ್ಟರು. ಅದನ್ನು ನಯವಾಗಿ ಹೇಳಿ. ಡೌಲಾ ಆಗಿ ನೀವು ಮಾಡಬಲ್ಲದ್ದು ಪ್ರಶ್ನೆ ಕೇಳಿಸುವುದು: ಇದರಿಂದ ಏನು ಉಪಯೋಗ, ಏನು ಅಪಾಯ, ಬೇರೆ ದಾರಿ ಇದೆಯೇ, ಒಂದು ಗಂಟೆ ಕಾದರೆ ಏನಾಗುತ್ತದೆ? ಉತ್ತರ ಕೇಳಿ ತೀರ್ಮಾನಿಸುವವರು ಅವರೇ. ಸಂಗಾತಿ ಪೂರ್ತಿ ವಿರೋಧವಿದ್ದು ಆಕೆ ಒಬ್ಬರೇ ಹಟ ಹಿಡಿದಿದ್ದರೂ ಸಹಿಗೆ ಅವಸರ ಬೇಡ. ಆ ಜಗಳ ಲೇಬರ್ ರೂಮಿಗೂ ಬರುತ್ತದೆ.

ಒಪ್ಪಂದದ ಕಾಗದ

ಎರಡು ಮೂರು ಪುಟ, ಮಾತಾಡುವ ಭಾಷೆಯಲ್ಲಿ, ಒಬ್ಬ ವಕೀಲರು ಒಮ್ಮೆ ಓದಿರಬೇಕು. ಜಗಳ ಹುಟ್ಟುವ ಜಾಗಗಳು ಎಲ್ಲ ಕಡೆ ಒಂದೇ.

ಯಾವಾಗ ಬರುತ್ತೀರಿ ಎಂಬುದು ಮೊದಲನೆಯದು. ನೋವು ಶುರುವಾದ ಕೂಡಲೇ ಡೌಲಾ ಬಾಗಿಲಲ್ಲಿರುತ್ತಾರೆ ಎಂದು ಕುಟುಂಬ ಅಂದುಕೊಂಡಿರುತ್ತದೆ. ಚೊಚ್ಚಲ ಹೆರಿಗೆಯಲ್ಲಿ ಆರಂಭದ ಹಂತವೇ ಒಂದು ದಿನ ಎಳೆಯಬಹುದು. ವಿಶ್ವ ಆರೋಗ್ಯ ಸಂಸ್ಥೆ ಗರ್ಭದ ಬಾಯಿ 5 ಸೆಂಟಿಮೀಟರ್ ತೆರೆದ ಮೇಲಿನದನ್ನೇ ಸಕ್ರಿಯ ಹಂತ ಎನ್ನುತ್ತದೆ. ಹಾಗಾಗಿ ಬರೆಯಿರಿ: ಆರಂಭದ ಹಂತದಲ್ಲಿ ಫೋನಿನಲ್ಲಿ ಜೊತೆ, ನೀವು "ಬನ್ನಿ" ಎಂದಮೇಲೆ ಎರಡು ಗಂಟೆಯೊಳಗೆ ನಾನು ಅಲ್ಲಿರುತ್ತೇನೆ. ಔಷಧಿ ಕೊಟ್ಟು ನೋವು ತರಿಸುವ ಹೆರಿಗೆಗೆ ಬೇರೆ ಸಾಲು ಬೇಕು. ಗರ್ಭದ ಬಾಯಿ ಮೆತ್ತಗಾಗಲೇ ಹನ್ನೆರಡು ಗಂಟೆ, ಇಪ್ಪತ್ನಾಲ್ಕು ಗಂಟೆ ಹಿಡಿಯಬಹುದು. ಆ ಹೊತ್ತಿನಲ್ಲೇ ಡೌಲಾ ಕೂತು ದಣಿದರೆ ಬೇಕಾದಾಗ ಕೈಯಲ್ಲಿ ಬಲ ಇರುವುದಿಲ್ಲ.

ಹೆರಿಗೆ ತೀರಾ ಉದ್ದವಾದರೆ? ಕೆಲವರು 12 ಗಂಟೆಗೆ, ಕೆಲವರು 18 ಅಥವಾ 24ಕ್ಕೆ ಬ್ಯಾಕಪ್ ಕರೆಸುತ್ತಾರೆ. ಸಂಖ್ಯೆ ಯಾವುದಾದರೂ ಸರಿ, ಕಾಗದದಲ್ಲಿ ಇರಲಿ, ಬ್ಯಾಕಪ್‌ಗೆ ಹಣ ಕೊಡುವವರು ಯಾರೆಂದೂ ಇರಲಿ. ಅದು ನಿಮ್ಮ ಶುಲ್ಕದೊಳಗಿಂದಲೇ ಹೋಗಬೇಕು. ಬ್ಯಾಕಪ್ ಯಾರೆಂದು ಕುಟುಂಬ ಮೊದಲೇ ನೋಡಿರಬೇಕು, ವಿಡಿಯೋ ಕರೆಯಲ್ಲಾದರೂ.

ಹಣ ವಾಪಸ್ಸಿನ ನಿಯಮವನ್ನು ಸಂದರ್ಭ ಹೆಸರಿಸಿ ಬರೆಯಿರಿ. ಕರೆ ಬಂದು ಹೊರಟಾಗ ದಾರಿಯಲ್ಲೇ ಹೆರಿಗೆಯಾದರೆ ಶುಲ್ಕ ಪೂರ್ತಿ. ನಿಮ್ಮನ್ನು ಕರೆಯಲೇ ಇಲ್ಲದಿದ್ದರೂ ಪೂರ್ತಿ. ನೀವೂ ಬರದೆ ಬ್ಯಾಕಪ್ಪೂ ಬರದಿದ್ದರೆ ಹೆರಿಗೆಯ ಪಾಲು ವಾಪಸ್, ಯಾವ ವಾದವೂ ಇಲ್ಲದೆ. ದಿನ ಗೊತ್ತುಮಾಡಿದ ಸಿಸೇರಿಯನ್ ಎಂದು ಬದಲಾದರೆ ಉಳಿದ ಗಂಟೆಗಳು ಬಾಣಂತನದ ಭೇಟಿಗಳಾಗಿ ಬದಲಾಗುತ್ತವೆ. ಗರ್ಭ ಉಳಿಯದಿದ್ದರೆ ಏನು ಎಂಬ ಸಾಲೂ ಇರಲೇಬೇಕು. ಆ ಹೊತ್ತಿನಲ್ಲಿ ಕುಟುಂಬದ ಜೊತೆ ಹಣದ ಮಾತಾಡುವ ಸ್ಥಿತಿ ಬರಬಾರದು.

ಅರ್ಧ ಹಣ ಸಹಿಯ ಜೊತೆ, ಉಳಿದರ್ಧ 36ನೇ ವಾರದೊಳಗೆ. 36 ಯಾಕೆಂದರೆ, ಆನ್-ಕಾಲ್, ಅಂದರೆ ಯಾವಾಗ ಕರೆದರೂ ಹೊರಡಲು ಸಿದ್ಧವಿರುವ ಅವಧಿ, ಶುರುವಾಗುವ ಮೊದಲೇ ಲೆಕ್ಕ ಚುಕ್ತಾ ಆಗಿರಬೇಕು. ಹಸಿ ಬಾಣಂತಿಯ ಮನೆಗೆ ಬಾಕಿ ಕೇಳಲು ಹೋಗುವುದು ಯಾರಿಗೂ ಶೋಭೆಯಲ್ಲ. ಕಂತು ಕೇಳಿದರೆ ಕೊಡಿ, ಕೊನೆಯ ಕಂತಿನ ಗಡುವು ಮಾತ್ರ ಅದೇ ಇರಲಿ. ಮುಂಗಡ ಬಾರದೆ ಕ್ಯಾಲೆಂಡರಿನಲ್ಲಿ ಹೆಸರು ಬರೆಯಬೇಡಿ. ಬಾಯಿಮಾತಿನ ಜಾಗಕ್ಕಾಗಿ ಇನ್ನೊಬ್ಬರನ್ನು ವಾಪಸ್ ಕಳಿಸಿದ ಮೇಲೆ ಇಬ್ಬರೂ ಕೈತಪ್ಪುತ್ತಾರೆ.

ಉತ್ತರ ಬಾರದವರಿಗೆ

ಭೇಟಿಯ ದಿನ ರಾತ್ರಿ ಒಂದು ಮೇಲ್. ನಾಲ್ಕನೇ ದಿನ ಒಂದು ಸಾಲಿನ ನೆನಪು. ಹತ್ತನೇ ದಿನ "ನಿಮ್ಮ ದಿನಗಳನ್ನು ಬಿಡುಗಡೆ ಮಾಡಿದ್ದೇನೆ, ಮುಂದೆ ಬೇಕಾದರೆ ಬರೆಯಿರಿ" ಎಂದು ಕೊನೆಯದು. ಅಲ್ಲಿಗೆ ಸಾಕು. ಮೇಲಿಂಗ್ ಸಾಫ್ಟ್‌ವೇರ್ ಮಾರುವವರು ಹೆರಿಗೆಯ ದಿನಾಂಕ ಹಾಕಿಬಿಟ್ಟರೆ "ನಿಮಗೀಗ 30ನೇ ವಾರ!" ಎಂದು ತಾನಾಗಿ ಮೇಲ್ ಹೋಗುವ ಸೌಲಭ್ಯ ತೋರಿಸುತ್ತಾರೆ. ಅದನ್ನು ಹಚ್ಚಬೇಡಿ. ಉತ್ತರ ನಿಲ್ಲಿಸಿದವರಲ್ಲಿ ಕೆಲವರು ಮಗುವನ್ನು ಕಳೆದುಕೊಂಡಿರುತ್ತಾರೆ. ಅದು ನಿಮಗೆ ತಿಳಿಯುವುದಿಲ್ಲ, ಆ ಮೇಲ್ ಮಾತ್ರ ಅವರಿಗೆ ತಲುಪುತ್ತದೆ.

ಒಂದು ಸರಳ ಸ್ಪ್ರೆಡ್‌ಶೀಟ್ ಇಟ್ಟುಕೊಳ್ಳಿ: ಯಾರ ಮೂಲಕ ಬಂದರು, ಫೋನ್ ಆಯಿತೇ, ಭೇಟಿ ಆಯಿತೇ, ಸಹಿ ಆಯಿತೇ. ಆರು ತಿಂಗಳಿಗೊಮ್ಮೆ ನೋಡಿದರೆ ರೋಗ ಎಲ್ಲಿದೆ ಎಂದು ಕಾಣುತ್ತದೆ. ವಿಚಾರಣೆಯೇ ಇಲ್ಲದಿದ್ದರೆ ನಿಮ್ಮ ಹೆಸರು ಹೇಳುವವರು ಇಲ್ಲ. ವಿಚಾರಣೆ ಇದ್ದು ಭೇಟಿಗೆ ಬರದಿದ್ದರೆ ಮೊದಲ ಉತ್ತರ ತಡವಾಗಿದೆ, ಇಲ್ಲವೇ ಶುಲ್ಕ ಅನಿರೀಕ್ಷಿತ. ಭೇಟಿಯಾಗಿಯೂ ಸಹಿ ಆಗದಿದ್ದರೆ ನೀವೇ ಹೆಚ್ಚು ಮಾತಾಡುತ್ತಿದ್ದೀರಿ.

ಹಳೇ ಕ್ಲೈಂಟ್‌ಗಳ ಅಭಿಪ್ರಾಯ ಕೇಳುವುದು ಹೆರಿಗೆಯಾಗಿ ಮೂರರಿಂದ ಆರು ವಾರದ ನಡುವೆ, ಅದೂ ಮೊದಲು "ಹೇಗಿದ್ದೀರಿ" ಎಂದು ಕೇಳಿ, ಉತ್ತರ ಓದಿ, ಆಮೇಲೆ. ಹೆರಿಗೆ ಅವರಿಗೆ ಆಘಾತವಾಗಿದ್ದರೆ ಕೇಳಲೇಬೇಡಿ. "ಒಂದು ರಿವ್ಯೂ ಬರೆದುಕೊಡಿ" ಎಂದರೆ "ತುಂಬಾ ಒಳ್ಳೆಯವರು" ಎಂದು ಬರೆಯುತ್ತಾರೆ, ಅದರಿಂದ ಪ್ರಯೋಜನವಿಲ್ಲ. ನನ್ನನ್ನು ಕರೆಯುವ ಮೊದಲು ಯಾವ ಅನುಮಾನ ಇತ್ತು, ಯಾವ ಗಳಿಗೆಯಲ್ಲಿ ಜೊತೆ ಬೇಕೆನಿಸಿತು ಎಂದು ಎರಡು ಪ್ರಶ್ನೆ ಕೊಡಿ. ಪ್ರಕಟಿಸಲು ಒಪ್ಪಿಗೆ ಬರಹದಲ್ಲಿರಲಿ, ಡಾಕ್ಟರ ಹೆಸರು ಆಸ್ಪತ್ರೆಯ ಹೆಸರು ತೆಗೆಯಿರಿ.

ಇನ್ನು 36 ವಾರ ದಾಟಿದ ಮೇಲೆ ಗಾಬರಿಯಿಂದ ಫೋನ್ ಮಾಡುವವರು. ಇವರ ವಿಷಯದಲ್ಲಿ ಮೇಲಿನ ಕ್ರಮವೆಲ್ಲ ಮಡಚಿಕೊಳ್ಳುತ್ತದೆ. ಹೂಂ ಅನ್ನುವ ಮೊದಲು ಕ್ಯಾಲೆಂಡರ್ ನೋಡಿ ಬ್ಯಾಕಪ್‌ಗೆ ಫೋನ್ ಮಾಡಿ. ಆಸ್ಪತ್ರೆಯ ಪ್ರವೇಶದ ನಿಯಮವನ್ನು ಅವರು ಅದೇ ದಿನ ವಿಚಾರಿಸಲಿ. ಪರಿಚಯದ ಭೇಟಿ, ಹೆರಿಗೆಗೆ ಮುಂಚಿನ ಭೇಟಿ ಎಂದು ಎರಡು ಮಾಡದೆ ಎರಡೂವರೆ ಗಂಟೆಯ ಒಂದೇ ಭೇಟಿ ಮಾಡಿ. ಎರಡನೆಯದು ನಡೆಯುವ ಮೊದಲೇ ಹೆರಿಗೆಯಾಗಬಹುದು. ಶುಲ್ಕ ಕಡಿಮೆ ಮಾಡಬೇಕಿಲ್ಲ, ಏಕೆಂದರೆ ತಪ್ಪಿದ್ದು ಒಂದೆರಡು ಭೇಟಿ, ಉಳಿದ ಹೊಣೆ ಹಾಗೇ ಇದೆ. ಆದರೆ ಪೂರ್ತಿ ಹಣ ಸಹಿಯ ಜೊತೆಗೇ ಬರಬೇಕು, ಆನ್-ಕಾಲ್ ಅದೇ ರಾತ್ರಿಯಿಂದ ಶುರು. ಫೋನ್ ಚಾರ್ಜಿಗಿಟ್ಟು, ಬ್ಯಾಗ್ ಬಾಗಿಲ ಬಳಿ ಇಟ್ಟಮೇಲೆಯೇ ಒಪ್ಪಂದದ ಮೇಲ್ ಕಳಿಸಿ.